ಕೆನಡಾ ಪ್ರೇರಿಯ ಹಳೇ ಸರ್ವೆ ನಕ್ಷೆ ಕೊಳ್ಳುವವರೇ, ಸೆಕ್ಷನ್ 1 ಎಲ್ಲಿದೆ ನೋಡಿ

ಹಳೇ ಸರ್ವೆ ಹಾಳೆಯ ಸ್ಕ್ಯಾನನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿ, 'ಜಿಐಎಸ್‌ಗೆ ರೆಡಿ' (ಕಂಪ್ಯೂಟರಿನ ನಕ್ಷೆ ತಂತ್ರಾಂಶಕ್ಕೆ ಸಿದ್ಧ) ಎಂದು ಮಾರುವವರು ಆನ್‌ಲೈನಿನಲ್ಲಿ ಬೇಕಾದಷ್ಟಿದ್ದಾರೆ. ಕೆನಡಾದ ಪ್ರೇರಿ ಬಯಲಿನ ಪ್ರಾಂತ್ಯ ಸಸ್ಕಾಚೆವಾನ್‌ನ ಹಾಳೆಗಳ ಅಂಥದ್ದೊಂದು ಕಟ್ಟಿನಲ್ಲಿ ಸೆಕ್ಷನ್ 2ರ (ಸೆಕ್ಷನ್ ಅಂದರೆ ಸುಮಾರು ಒಂದು ಚದರ ಮೈಲಿಯ, ನಂಬರು ಹಾಕಿದ ತುಂಡು) ಹೋಮ್‌ಸ್ಟೆಡ್ ಜಮೀನು, ಅಂದರೆ ನೆಲೆಸಲು ಬಂದವರಿಗೆ ಸರ್ಕಾರ ಕೊಟ್ಟ ನೆಲ, 5 ಮೈಲಿ ಉತ್ತರಕ್ಕೆ ಬಿದ್ದಿತ್ತು. ಡಿಜಿಟಲ್ ಸರಕು ವಾಪಸ್ಸಿಲ್ಲ ಎಂದು ಮಾರಿದವರು ಕೈತೊಳೆದುಕೊಂಡರು.

ಆಗಿದ್ದಿಷ್ಟು: ಅಮೆರಿಕದ ಗ್ರಿಡ್ (ಸರ್ವೆ ಚೌಕಗಳ ಜಾಲ) ತಂದು ಕೆನಡಾದ ಮೇಲೆ ಹಾಸಿದ್ದಾರೆ. ಎರಡೂ ಕಡೆ ಟೌನ್‌ಶಿಪ್ಪಿಗೆ (ಸುಮಾರು 6 ಮೈಲಿ ಉದ್ದಗಲದ ಚೌಕ) 36 ಸೆಕ್ಷನ್, ಸೆಕ್ಷನ್ನಿಗೆ 640 ಎಕರೆ. ಆದರೆ ಅಮೆರಿಕದಲ್ಲಿ ಎಣಿಕೆ ಈಶಾನ್ಯ ಮೂಲೆಯಿಂದ ಹಾವಿನಂತೆ ಕೆಳಗಿಳಿಯುತ್ತದೆ, ಕೆನಡಾದಲ್ಲಿ ಆಗ್ನೇಯ ಮೂಲೆಯಿಂದ ಮೇಲೇರುತ್ತದೆ. ಹಾಗಾಗಿ ಪ್ರತಿ ಸೆಕ್ಷನ್ನೂ 1, 3 ಅಥವಾ 5 ಮೈಲಿ ತಪ್ಪುತ್ತದೆ. ಪೂರ್ವ-ಪಶ್ಚಿಮದಲ್ಲಿ ಮಾತ್ರ ಸರಿಯಾಗಿಯೇ ಕಾಣುವುದರಿಂದ ಯಾರಿಗೂ ಅನುಮಾನ ಬರುವುದಿಲ್ಲ.

ಇನ್ನೊಂದು ಎಡವಟ್ಟು ರಸ್ತೆಯದು. ಕೆನಡಾದವರು ಸೆಕ್ಷನ್‌ಗಳ ನಡುವೆ ರಸ್ತೆಗೆಂದು ಬೇರೆಯೇ ಪಟ್ಟಿ ಬಿಟ್ಟರು. 1881ರ ನಂತರದ ಪದ್ಧತಿಯಲ್ಲಿ ಅದರ ಅಗಲ 1 ಸರಪಳಿ, ಅಂದರೆ 66 ಅಡಿ (ನಮ್ಮ ಗುಂಟೆ ಲೆಕ್ಕದ ಸರಪಳಿ 33 ಅಡಿ, ಗೊಂದಲ ಬೇಡ). ಉತ್ತರ-ದಕ್ಷಿಣದ ರಸ್ತೆ ಮೈಲಿಗೊಂದು, ಪೂರ್ವ-ಪಶ್ಚಿಮದ್ದು ಎರಡು ಮೈಲಿಗೊಂದು. ಟೌನ್‌ಶಿಪ್ಪನ್ನು ಕರಾರುವಾಕ್ಕಾಗಿ 6 ಮೈಲಿ ಎಂದು ಹಿಡಿದು ಸಾಲಾಗಿ ಜೋಡಿಸಿದರೆ ಒಂದೊಂದಕ್ಕೂ ಪೂರ್ವ-ಪಶ್ಚಿಮದಲ್ಲಿ ಸುಮಾರು 120 ಮೀಟರ್ ಕಡಿಮೆ ಬೀಳುತ್ತದೆ.

ಮೆರಿಡಿಯನ್ (ಎಣಿಕೆಗೆ ಆಧಾರವಾದ ಉತ್ತರ-ದಕ್ಷಿಣ ರೇಖೆ) ಯಾವುದೆಂದು ಬರೆಯದ ಫೈಲನ್ನಂತೂ ಮುಟ್ಟಲೇಬೇಡಿ. ರೇಂಜ್ ಸಂಖ್ಯೆ, ಅಂದರೆ ಟೌನ್‌ಶಿಪ್ಪುಗಳ ಉತ್ತರ-ದಕ್ಷಿಣ ಸಾಲಿನ ನಂಬರು, ಪ್ರತಿ ಮೆರಿಡಿಯನ್ನಿನಲ್ಲೂ ಹೊಸದಾಗಿ 1ರಿಂದ ಶುರುವಾಗುತ್ತದೆ. 2ನೆಯದು 102 ಡಿಗ್ರಿ ಪಶ್ಚಿಮ, 3ನೆಯದು 106. ಅದಲುಬದಲಾದರೆ ಸಸ್ಕಾಚೆವಾನ್‌ನ ರಾಜಧಾನಿ ರೆಜೈನಾದ ಅಕ್ಷಾಂಶದಲ್ಲಿ ಸುಮಾರು 280 ಕಿ.ಮೀ. ವ್ಯತ್ಯಾಸ.

ರೈಲ್ವೆಗೆ ಕೊಟ್ಟ ನೆಲವೆಂದು ರೈಲ್ವೆ ನಕ್ಷೆಯಲ್ಲಿ ತೋರಿಸುವ ಬಣ್ಣದ ಪಟ್ಟಿಯನ್ನೂ ನಂಬಬೇಡಿ. 1881ರ ಒಪ್ಪಂದದಂತೆ ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿಗೆ 2.5 ಕೋಟಿ ಎಕರೆ, ಹಳಿಯ ಎರಡೂ ಬದಿಗೆ 24 ಮೈಲಿವರೆಗಿನ ಬೆಸ ಸೆಕ್ಷನ್‌ಗಳಲ್ಲಿ. ಆದರೆ ಬೇಸಾಯಕ್ಕೆ ಬಾರದ ನೆಲವನ್ನು ಬಿಟ್ಟು ಬೇರೆಡೆ ಪಡೆಯುವ ಹಕ್ಕು ಕಂಪನಿಗಿತ್ತು. ಪಟ್ಟಿಯೊಳಗಿದೆ ಎಂದ ಮಾತ್ರಕ್ಕೆ ರೈಲ್ವೆಯ ನೆಲ ಅಂತಲ್ಲ.

ದುಡ್ಡು ಕೊಡುವ ಮೊದಲು ಮಾದರಿ ಹಾಳೆ ಕೇಳಿ. ಶಾಲೆಗೆ ಮೀಸಲಾದ ಸೆಕ್ಷನ್ 11 ಮತ್ತು 29, ತುಪ್ಪಳ ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯದು 8 ಮತ್ತು 26. ಸೆಕ್ಷನ್ 11 ಕೆಳಗಿನಿಂದ ಎರಡನೇ ಸಾಲಿನಲ್ಲಿದ್ದರೆ ಗ್ರಿಡ್ ಸರಿ. ಮೇಲಿನಿಂದ ಎರಡನೆಯದಾದರೆ ತಲೆಕೆಳಗು. ಶಾಲೆಯ ಗುರುತು 16, 36ರಲ್ಲಿದ್ದರೆ ಅದು ಅಮೆರಿಕದ ಹಾಳೆಯೇ. ಯಾರಿಗೆ ಯಾವ ಕಾಲುಸೆಕ್ಷನ್ (160 ಎಕರೆ) ಸಿಕ್ಕಿತು ಎಂಬುದಷ್ಟೇ ಬೇಕಿದ್ದರೆ ಲೈಬ್ರರಿ ಅಂಡ್ ಆರ್ಕೈವ್ಸ್ ಕೆನಡಾದಲ್ಲಿ 1870ರಿಂದ 1930ರವರೆಗಿನ ಪಶ್ಚಿಮ ಕೆನಡಾದ ಭೂ ಮಂಜೂರಾತಿ ದಾಖಲೆ ಪುಕ್ಕಟೆ ಸಿಗುತ್ತದೆ.