ಸಂತರ ಹಬ್ಬಗಳ ಗೋಡೆ ಕ್ಯಾಲೆಂಡರ್: ಆಗಸ್ಟ್ 11ರಲ್ಲಿ ಒಂದು ಹೆಸರು ಇರಬೇಕಿತ್ತು

ಮೈಸೂರಿನ ಅಶೋಕ ರಸ್ತೆಯಲ್ಲಿ, ಸಂತ ಫಿಲೋಮಿನಾ ಚರ್ಚಿಗೆ ಸಮೀಪವಿರುವ ಜಪಸರ, ಮೇಣದಬತ್ತಿಗಳ ಅಂಗಡಿಯೊಂದರಲ್ಲಿ ಕೊಂಡ ಕನ್ನಡದ ಗೋಡೆ ಕ್ಯಾಲೆಂಡರ್ ಇದು. ಸಾಮಾನ್ಯವಾಗಿ ಇಂಥ ಕ್ಯಾಲೆಂಡರುಗಳು ದಿನಕ್ಕೊಬ್ಬ ಸಂತರ ಹೆಸರು ಹಾಕಿ ಮುಗಿಸುತ್ತವೆ. ಇದರಲ್ಲಿ ಒಂದೇ ದಿನ ಹಬ್ಬವಿರುವ ಸಂತರನ್ನು ಒಟ್ಟಿಗೆ ಕೊಟ್ಟು, ಅವರು ತೀರಿಕೊಂಡ ವರ್ಷ ಮತ್ತು ಸ್ಥಳವನ್ನು ತಿಳಿದಷ್ಟು ಮಟ್ಟಿಗೆ ಸೇರಿಸಿದ್ದಾರೆ.

ಸಂತರ ಹಬ್ಬವು ಬಹುಮಟ್ಟಿಗೆ ಅವರು ಮರಣ ಹೊಂದಿದ ದಿನವೇ ಆಗಿರುವುದರಿಂದ, ನಡುವೆ ಸಾವಿರ ವರ್ಷ ಅಂತರವಿರುವವರೂ ಒಂದೇ ತಾರೀಖಿನಲ್ಲಿ ಸೇರಿಬಿಡುತ್ತಾರೆ. ಕೆಲವರನ್ನು ಮಾತ್ರ ಧರ್ಮಸಭೆಯೇ (ಕಥೋಲಿಕ ಚರ್ಚ್) ಉದ್ದೇಶಪೂರ್ವಕವಾಗಿ ಜೊತೆಗೂಡಿಸಿದೆ, ಮತ್ತು ಈ ವ್ಯತ್ಯಾಸವನ್ನು ಕ್ಯಾಲೆಂಡರ್ ಚೆನ್ನಾಗಿ ತೋರಿಸುತ್ತದೆ. ಸೆಪ್ಟೆಂಬರ್ 16ನ್ನು ನೋಡಿ: 253ರಲ್ಲಿ ಗಡೀಪಾರಿನಲ್ಲಿದ್ದಾಗ ತೀರಿಕೊಂಡ ಪೋಪ್ ಕೊರ್ನೇಲಿಯಸ್ ಮತ್ತು 258ರ ಸೆಪ್ಟೆಂಬರ್ 14ರಂದು ಕಾರ್ಥೇಜಿನಲ್ಲಿ ಶಿರಚ್ಛೇದನಕ್ಕೆ ಗುರಿಯಾದ ಬಿಷಪ್ ಸಿಪ್ರಿಯನ್ ಅಲ್ಲಿ ಜೊತೆಯಾಗಿದ್ದಾರೆ. ಹಿಂಸೆಗೆ ಹೆದರಿ ವಿಶ್ವಾಸ ತೊರೆದವರು ಪಶ್ಚಾತ್ತಾಪಪಟ್ಟು ಮರಳಿದರೆ ಸೇರಿಸಿಕೊಳ್ಳಬೇಕೆಂಬ ವಿಷಯದಲ್ಲಿ ಇಬ್ಬರೂ ಒಂದಾಗಿ ನಿಂತವರು ಎಂಬುದನ್ನು ಎರಡೇ ಸಾಲುಗಳಲ್ಲಿ ಹೇಳಿರುವ ರೀತಿ ನನಗೆ ಬಹಳ ಹಿಡಿಸಿತು. ಜನವರಿ 2ರಲ್ಲಿ ಗೆಳೆಯರಾದ ಬಾಸಿಲ್ ಮತ್ತು ನಾಜಿಯಾನ್ಜಸ್‌ನ ಗ್ರೆಗೊರಿ ಇದ್ದಾರೆ. ಫೆಬ್ರವರಿ 14ರಲ್ಲಿ, 869ರಲ್ಲಿ ರೋಮಿನಲ್ಲಿ ತೀರಿಕೊಂಡ ಸಿರಿಲ್ ಮತ್ತು ಅವರ ಸಹೋದರ ಮೆಥೋಡಿಯಸ್ ಮೇಲೆ, ರಕ್ತಸಾಕ್ಷಿ (ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟ) ವ್ಯಾಲೆಂಟೈನ್ ಕೆಳಗೆ ಸಣ್ಣ ಅಕ್ಷರದಲ್ಲಿ. ರೋಮಿನ ಪೂಜಾ ಪಂಚಾಂಗದ 1969ರ ಪರಿಷ್ಕರಣೆಯ ನಂತರ ಇದೇ ಸರಿಯಾದ ಕ್ರಮ.

ಆಗಸ್ಟ್ 11ರ ಚೌಕದಲ್ಲಿ ಪ್ರಾಚೀನ ರೋಮಿನ ರಕ್ತಸಾಕ್ಷಿಗಳಾದ ತಿಬುರ್ತಿಯಸ್ ಮತ್ತು ಸುಸಾನ್ನಾ ಇದ್ದಾರೆ, ಅವರ ಮೇಲೆ ಅಸ್ಸಿಸಿಯ ಕ್ಲಾರಾ ಇದ್ದಾರೆ. ಬಡತನದಲ್ಲಿಯೇ ಬಾಳುವ ಹಕ್ಕಿಗಾಗಿ ದಶಕಗಳ ಕಾಲ ಪಟ್ಟುಹಿಡಿದ ಕ್ಲಾರಾ, ತಮ್ಮ ಮಠದ ನಿಯಮಾವಳಿಗೆ ಪೋಪ್ ನಾಲ್ಕನೇ ಇನ್ನೊಸೆಂಟ್ ಒಪ್ಪಿಗೆಯಿತ್ತ ಎರಡೇ ದಿನಗಳಲ್ಲಿ, 1253ರ ಆಗಸ್ಟ್ 11ರಂದು ಕಣ್ಣುಮುಚ್ಚಿದರು. ಹಿಂದೆ 12ಕ್ಕೆ ನಡೆಯುತ್ತಿದ್ದ ಅವರ ಹಬ್ಬ ಈಗ ಅವರು ತೀರಿಕೊಂಡ ದಿನಕ್ಕೇ ಬಂದಿದೆ.

ಆದರೆ ಹಿಂದೆ ಇದೇ ದಿನ ಹಬ್ಬವಿದ್ದ ಫಿಲೋಮಿನಾ ಅದೇ ಚೌಕದಲ್ಲಿ ಇಲ್ಲ. ಇದು ಕಣ್ತಪ್ಪಲ್ಲ ಎಂಬುದು ನಿಜ. 1802ರಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ದೊರೆತ ಒಂದು ಗೋರಿಯ ಹೆಂಚುಗಳ ಮೇಲಿನ ಬರಹದಿಂದಲೇ ಅವರ ಹೆಸರು ತಿಳಿದದ್ದು, ಬದುಕಿನ ಬಗ್ಗೆ ಖಚಿತ ಆಧಾರಗಳಿಲ್ಲದ್ದರಿಂದ 1961ರಲ್ಲಿ ರೋಮ್ ಅವರ ಹಬ್ಬವನ್ನು ಪೂಜಾ ಪಂಚಾಂಗಗಳಿಂದ ತೆಗೆಯಿಸಿತು. ಪ್ರಕಾಶಕರು ಆ ಆದೇಶವನ್ನು ಪಾಲಿಸಿದ್ದಾರೆ. ಹಾಗಿದ್ದರೂ ಮೈಸೂರಿಗೆಂದು ಅಚ್ಚಾದ ಕ್ಯಾಲೆಂಡರಿನಲ್ಲಿ ಅವರ ಬಗ್ಗೆ ಒಂದು ಟಿಪ್ಪಣಿಯೂ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿ ಕಂಡಿತು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟ ಚರ್ಚು ಇಂದಿಗೂ ಆಕೆಯ ಹೆಸರಿನಲ್ಲಿಯೇ ನಿಂತಿದೆ. ಬಲಿಪೀಠದ ಕೆಳಗಿನ ನೆಲಮಾಳಿಗೆಗೆ ಇಳಿದು ಆಕೆಯ ಸ್ವರೂಪದ ಮುಂದೆ ಪ್ರಾರ್ಥಿಸುವವರಲ್ಲಿ ಬೇರೆ ಧರ್ಮದವರೂ ಇದ್ದಾರೆ. ಪಂಚಾಂಗದ ಹಬ್ಬವೆಂದಲ್ಲದೆ ಸ್ಥಳೀಯ ಭಕ್ತಿಯೆಂದು ಸ್ಪಷ್ಟಪಡಿಸಿ ಚೌಕದ ತಳದಲ್ಲಿ ಆ ಹೆಸರನ್ನು ಹಾಕಿದ್ದರೆ ಆದೇಶಕ್ಕೂ ಸತ್ಯಕ್ಕೂ ಭಂಗ ಬರುತ್ತಿರಲಿಲ್ಲ.

ಕಾಗದ ದಪ್ಪವಾಗಿದೆ, ಮಸಿ ಅಂಟುವುದಿಲ್ಲ, ಸರ್ಕಾರಿ ರಜೆಗಳನ್ನೂ ಗುರುತಿಸಿದ್ದಾರೆ. ಮರಣದ ವರ್ಷಗಳನ್ನು ಅಚ್ಚು ಮಾಡಿದ ಅಕ್ಷರ ಮಾತ್ರ ವಯಸ್ಸಾದವರಿಗೆ ಕನ್ನಡಕ ಹಾಕಿದರೂ ಕಾಣದಷ್ಟು ಚಿಕ್ಕದು. ಜ್ಞಾನೋಪದೇಶ ತರಗತಿ ನಡೆಸುವವರು ಇದನ್ನು ಅವಶ್ಯವಾಗಿ ಕೊಳ್ಳಲಿ, ಮಕ್ಕಳಿಗೆ ಆಗಸ್ಟ್ ಪುಟ ತೋರಿಸುವಾಗ ಫಿಲೋಮಿನಾ ವಿಷಯವನ್ನು ತಾವೇ ಹೇಳಲಿ.