ಗಲ್ಫ್ ಕೆಲಸದ ಅನುಮತಿ ಮಾಡಿಸಿಕೊಡುವ ಶಿವಮೊಗ್ಗದ ಕಚೇರಿಯೊಂದು: ಕಾಗದಪತ್ರಕ್ಕೆ ಅಡ್ಡಿಯಿಲ್ಲ, ಹಣದ ಲೆಕ್ಕ ಮಾತ್ರ ಕೇಳಿ ಬರೆಸಿಕೊಳ್ಳಿ

ಭದ್ರಾವತಿಯ ವರ್ಕ್‌ಶಾಪುಗಳಲ್ಲಿ, ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಕೈ ಪಳಗಿಸಿಕೊಂಡ ಹುಡುಗರು ಸೌದಿ, ಕತಾರ್ ಎಂದು ಹೊರಡುವುದು ಹೊಸ ಸಂಗತಿಯೇನಲ್ಲ. ಭದ್ರಾವತಿಯ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಆರಂಭದಲ್ಲಿ ಹೊರಬಿದ್ದ ಮೇಲಂತೂ ಊರಿನ ಮನೆಮನೆಯಲ್ಲಿ ಈ ಮಾತು ಬಂದುಹೋಗಿದೆ. ಎಸ್ಸೆಸ್ಸೆಲ್ಸಿಯಲ್ಲಿ ಅನುತ್ತೀರ್ಣನಾಗಿ ವೆಲ್ಡಿಂಗ್ ಕಲಿತ ನನ್ನ ಅಕ್ಕನ ಮಗನಿಗೆ ಸೌದಿಯ ದಮ್ಮಾಮ್‌ನಲ್ಲಿ ಕೆಲಸ ಒದಗಿದಾಗ, ಶಿವಮೊಗ್ಗ ಪೇಟೆಯ ಒಂದು ಉದ್ಯೋಗ ಸಲಹಾ ಕಚೇರಿಯ ಮೂಲಕ ಅನುಮತಿಯ ಕೆಲಸವೆಲ್ಲ ನಡೆಯಿತು. ಅವನ ಜೊತೆಗೆ ಓಡಾಡಿದವನಾಗಿ ಆ ಕಚೇರಿಯ ಸೇವೆಯನ್ನು ಇಲ್ಲಿ ವಿಮರ್ಶಿಸುತ್ತಿದ್ದೇನೆ. ಹೆಸರು ಬರೆಯುತ್ತಿಲ್ಲ, ಇದೇ ರೀತಿ ನಡೆಯುವ ಕಚೇರಿಗಳು ಪ್ರತಿ ಜಿಲ್ಲಾ ಕೇಂದ್ರದಲ್ಲೂ ಇರುವುದರಿಂದ ಹೆಸರಿಗಿಂತ ಅಲ್ಲಿ ಏನನ್ನು ನೋಡಬೇಕೆಂಬುದು ಮುಖ್ಯ.

ಮೊದಲು ತಿಳಿದಿರಬೇಕಾದದ್ದು, ಕೆಲಸದ ಅನುಮತಿಯನ್ನು ಕೊಡುವವರು ಇವರಲ್ಲ ಎಂಬುದು. ಸೌದಿಯ ಕಂಪನಿ ತನ್ನ ಸರಕಾರದಿಂದ ವೀಸಾ ಮಂಜೂರು ಮಾಡಿಸಿಕೊಂಡು, ಭಾರತದಲ್ಲಿ ಪರವಾನಗಿ ಇರುವ ನೇಮಕಾತಿ ಏಜೆಂಟನಿಗೆ ಆಳು ಬೇಕೆಂಬ ಪತ್ರವನ್ನೂ ಅಧಿಕಾರ ಪತ್ರವನ್ನೂ ಕೊಡುತ್ತದೆ. ಅಭ್ಯರ್ಥಿಯ ವೈದ್ಯಕೀಯ ತಪಾಸಣೆ, ಕೌಶಲ ಪರೀಕ್ಷೆ ಮುಗಿದ ಬಳಿಕ ವೀಸಾ ಸಿಗುತ್ತದೆ. ಹತ್ತನೆಯ ತರಗತಿ ದಾಟದವರ ಪಾಸ್‌ಪೋರ್ಟ್ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ವರ್ಗಕ್ಕೆ ಸೇರುವುದರಿಂದ, ಸೌದಿಯೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಲು 1983ರ ವಲಸೆ ಕಾಯ್ದೆಯ ಪ್ರಕಾರ ನಮ್ಮ ಸರಕಾರದ ವಲಸೆ ರಕ್ಷಣಾಧಿಕಾರಿಯ ಒಪ್ಪಿಗೆಯೂ ಬೇಕು. ಅದು ಇ-ಮೈಗ್ರೇಟ್ ಜಾಲತಾಣದ ಮೂಲಕ ಆಗುತ್ತದೆ. ಶಿವಮೊಗ್ಗದ ಕಚೇರಿ ಈ ಕೊಂಡಿಗಳ ನಡುವೆ ಕಾಗದ ಸಾಗಿಸುತ್ತದೆ, ಅಷ್ಟೆ.

ಆ ಸಾಗಣೆಯನ್ನು ಅವರು ಚೊಕ್ಕವಾಗಿ ಮಾಡುತ್ತಾರೆ ಎಂದು ಒಪ್ಪಲೇಬೇಕು. ಮೇಜಿನ ಹಿಂದೆ ಕುಳಿತ ಮಹಿಳೆ ಪಾಸ್‌ಪೋರ್ಟ್, ಆಧಾರ್, ಶಾಲೆಯ ವರ್ಗಾವಣೆ ಪತ್ರ ಮೂರನ್ನೂ ಸಾಲಾಗಿ ಇಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರದ ಮೇಲೂ ಪೆನ್ಸಿಲ್ ಆಡಿಸಿ, ಅಪ್ಪನ ಹೆಸರಿನ ಇಂಗ್ಲಿಷ್ ಕಾಗುಣಿತ ಒಂದರಲ್ಲಿ ಬೇರೆಯಾಗಿದ್ದುದನ್ನು ಅಲ್ಲೇ ಹಿಡಿದರು. ವೀಸಾ ಹಂತದಲ್ಲಿ ಸಿಕ್ಕಿದ್ದರೆ ಅದು ದೊಡ್ಡ ತಲೆನೋವಾಗುತ್ತಿತ್ತು. ವೈದ್ಯಕೀಯ ತಪಾಸಣೆಯನ್ನು ಗಲ್ಫ್ ದೇಶಗಳು ಮಾನ್ಯ ಮಾಡಿದ ಕೇಂದ್ರಗಳಲ್ಲೇ ಮಾಡಿಸಬೇಕು, ಸ್ಥಳೀಯ ಆಸ್ಪತ್ರೆಯ ಪ್ರಮಾಣಪತ್ರ ನಡೆಯುವುದಿಲ್ಲ. ಎದೆಯ ಎಕ್ಸ್‌ರೇಯಲ್ಲಿ ಹಳೆಯ ಕ್ಷಯದ ಕಲೆ ಕಂಡರೂ ಅನರ್ಹರೆನ್ನುತ್ತಾರೆ ಎಂಬುದನ್ನು ಮುಚ್ಚಿಡದೆ ಮೊದಲೇ ಹೇಳಿದರು. ತಪಾಸಣೆಗೆ ನಾವು ಮಂಗಳೂರಿಗೆ ಆಗುಂಬೆ ಘಾಟಿ ಇಳಿದು ಹೋದೆವು. ಮಳೆಗಾಲದಲ್ಲಿ ಹೋಗುವವರು ದಾರಿಗೆ ಹೆಚ್ಚು ಹೊತ್ತು ಇಟ್ಟುಕೊಳ್ಳುವುದು ಒಳ್ಳೆಯದು.

ಕೌಶಲ ಪರೀಕ್ಷೆಯ ತಯಾರಿ ಮಾತ್ರ ಹೆಸರಿಗಷ್ಟೇ ಇತ್ತು. ವೆಲ್ಡರ್, ಪ್ಲಂಬರ್, ಎಲೆಕ್ಟ್ರಿಷಿಯನ್ ಮುಂತಾದ ಕಸುಬಿನವರನ್ನು ಸೌದಿ ಸರಕಾರ ಈಗ ಭಾರತದಲ್ಲೇ ಪರೀಕ್ಷಿಸಿ ತೆಗೆದುಕೊಳ್ಳುತ್ತದೆ. ಕಂಪ್ಯೂಟರಿನ ಮುಂದೆ ಪ್ರಶ್ನೋತ್ತರ, ಆಮೇಲೆ ಕೈಯಲ್ಲಿ ಕೆಲಸ. ಕಚೇರಿ ಕೊಟ್ಟದ್ದು ಮಸುಕಾದ ಜೆರಾಕ್ಸ್ ಹಾಳೆಗಳ ಒಂದು ಕಟ್ಟು. ಹುಡುಗನಿಗೆ ನೆರವಾದದ್ದು ಅವನ ಮೇಸ್ತ್ರಿ ಕಲಿಸಿದ ವಿದ್ಯೆಯೇ.

ಕರಾರು ಪತ್ರವನ್ನು ಓದಿ ಹೇಳಿದ ರೀತಿ ಈ ಕಚೇರಿಯ ಅತ್ಯುತ್ತಮ ಸೇವೆ. ಜಾಹೀರಾತಿನಲ್ಲಿ ಕಾಣಿಸಿದ ಸಂಬಳದಲ್ಲಿ ಓವರ್‌ಟೈಮ್ ಕೂಡ ಸೇರಿತ್ತು, ಮೂಲ ಸಂಬಳ ಅದಕ್ಕಿಂತ ಸಾಕಷ್ಟು ಕಡಿಮೆ ಎಂಬುದನ್ನು ಕನ್ನಡದಲ್ಲಿ ಬಿಡಿಸಿ ತೋರಿಸಿದರು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಿದ ದುಡಿಮೆಗೆ ಮಾಮೂಲಿ ಕೂಲಿಯ ಮೇಲೆ ಮೂಲ ಸಂಬಳದ ಅರ್ಧದಷ್ಟು ಹೆಚ್ಚುವರಿ ಸಿಗಬೇಕು, ಕರಾರು ಮುಗಿಸಿ ಬರುವಾಗ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳದಂತೆ ಕೈಗೆ ಬರಬೇಕು ಎಂಬ ಸೌದಿ ಕಾನೂನಿನ ಅಂಶಗಳನ್ನು ಹುಡುಗನ ಕೈಯಲ್ಲೇ ಬರೆಸಿದರು.

ಇಷ್ಟು ಮಾಡಿದವರು ಹಣದ ವಿಷಯಕ್ಕೆ ಬಂದಾಗ ಬೇರೆಯೇ ಮನುಷ್ಯರಾದರು. ಕೇಳಿದ್ದು ಇಡಿಯಾಗಿ ಒಂದೂಕಾಲು ಲಕ್ಷ, ಅದೂ ನಗದಾಗಿ. ಯಾವುದಕ್ಕೆ ಎಷ್ಟು ಎಂದರೆ "ಎಲ್ಲಾ ಸೇರಿ ಸಾರ್" ಎಂಬ ಉತ್ತರ. ಅಡಿಕೆ ಮಂಡಿಯಲ್ಲಿ ಕೂಡ ಕಮಿಷನ್, ಹಮಾಲಿ ಎಂದು ಪಟ್ಟಿಯಲ್ಲಿ ಬೇರೆ ಬೇರೆ ಬರೆದು ಕೊಡುತ್ತಾರೆ. ನಿಯಮದ ಪ್ರಕಾರ ನೋಂದಾಯಿತ ಏಜೆಂಟ್ ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಶೇ. 18 ಜಿಎಸ್‌ಟಿ ಸೇರಿಸಿದರೆ 35,400. ವಲಸೆ ಒಪ್ಪಿಗೆಯ ಸರಕಾರಿ ಶುಲ್ಕ 200. ಪ್ರವಾಸಿ ಭಾರತೀಯ ಬಿಮಾ ಯೋಜನೆಯಲ್ಲಿ 10 ಲಕ್ಷದ ವಿಮೆಗೆ ಎರಡು ವರ್ಷಕ್ಕೆ ತೆರಿಗೆ ಬಿಟ್ಟು 275. ಉಳಿದ ದೊಡ್ಡ ಮೊತ್ತ "ವೀಸಾ ಚಾರ್ಜು" ಎಂದರು. ಸೌದಿ ಕಾರ್ಮಿಕ ಕಾನೂನಿನ 40ನೆಯ ವಿಧಿಯಲ್ಲಿ ನೇಮಕಾತಿಯ ಶುಲ್ಕ, ಇಕಾಮಾ ಎಂಬ ವಾಸದ ಪರವಾನಗಿ ಮತ್ತು ಕೆಲಸದ ಪರವಾನಗಿಯ ಶುಲ್ಕ, ಕೊನೆಗೆ ಊರಿಗೆ ಮರಳುವ ಟಿಕೆಟ್ ಎಲ್ಲವೂ ಮಾಲೀಕನ ಹೊಣೆ ಎಂದು ಸ್ಪಷ್ಟವಾಗಿರುವಾಗ ಈ ಚಾರ್ಜಿಗೆ ಆಧಾರವೇ ಇಲ್ಲ. ಈ ಮಾತನ್ನು ಮುಂದಿಟ್ಟಾಗ ವ್ಯವಸ್ಥಾಪಕರು, "ಹಾಗಾದರೆ ವಿಸಿಟ್ ವೀಸಾದಲ್ಲಿ ಕಳಿಸಿಬಿಡೋಣ, ಅಲ್ಲಿ ಹೋದ ಮೇಲೆ ಬದಲಾಯಿಸಿಕೊಳ್ಳಲಿ, ಖರ್ಚು ಕಮ್ಮಿ" ಎಂದರು. ಭೇಟಿಯ ವೀಸಾದಲ್ಲಿ ಹೋಗಿ ದುಡಿಯುವವನಿಗೆ ಆ ದೇಶದ ಕಾರ್ಮಿಕ ಕಾನೂನಿನ ರಕ್ಷಣೆಯೂ ಇಲ್ಲ, ನಮ್ಮ ವಲಸೆ ಒಪ್ಪಿಗೆ ತರುವ ವಿಮೆಯೂ ಇಲ್ಲ. ಸಿಕ್ಕಿಬಿದ್ದರೆ ಜೈಲೇ ಗತಿ. ಇಂಥ ಸಲಹೆ ಕೊಡುವ ಬಾಯಿಯೇ ಕರಾರನ್ನು ಅಷ್ಟು ಕಾಳಜಿಯಿಂದ ಓದಿ ಹೇಳಿದ್ದು ಎಂಬುದು ನನಗೆ ಇಂದಿಗೂ ಒಗಟು.

ಗೋಡೆಯ ಮೇಲೆ, ಕ್ಯಾಲೆಂಡರಿನ ಮರೆಯಲ್ಲಿ, ಮುಂಬೈಯ ಏಜೆಂಟರೊಬ್ಬರ ಪರವಾನಗಿಯ ನಕಲು ತೂಗುತ್ತಿತ್ತು. ಶಿವಮೊಗ್ಗದವರಿಗೆ ಸ್ವಂತ ಪರವಾನಗಿ ಇಲ್ಲ. ನೋಂದಣಿಯಿಲ್ಲದ ಉಪ ಏಜೆಂಟರಿಗೆ ವಿದೇಶಕ್ಕೆ ನೇಮಕಾತಿ ನಡೆಸಲು ಕಾನೂನಿನಲ್ಲಿ ಜಾಗವೂ ಇಲ್ಲ. ಆ ನಕಲಿನಲ್ಲಿದ್ದ ಸಂಖ್ಯೆಯನ್ನು ಇ-ಮೈಗ್ರೇಟ್‌ನಲ್ಲಿ ಹುಡುಕಿದಾಗ ಪರವಾನಗಿ ಚಾಲ್ತಿಯಲ್ಲಿತ್ತು, ಆದ್ದರಿಂದ ಮುಂಬೈಯವರನ್ನೇ ನೇರವಾಗಿ ಸಂಪರ್ಕಿಸಿದೆವು. ಸೇವಾ ಶುಲ್ಕವನ್ನು ಅವರ ಬ್ಯಾಂಕ್ ಖಾತೆಗೆ ಕಟ್ಟಿ ರಸೀದಿ ಪಡೆದೆವು. ಶಿವಮೊಗ್ಗದವರಿಗೆ ಕಾಗದಪತ್ರದ ಕೂಲಿ ಎಂದು ಸಣ್ಣ ಮೊತ್ತವೊಂದನ್ನು ಬೇರೆ ಗೊತ್ತು ಮಾಡಿಕೊಂಡೆವು. ಸ್ವಲ್ಪ ಮುಖ ಸಿಂಡರಿಸಿದರೂ ಒಪ್ಪಿಕೊಂಡರು, ಕೆಲಸವನ್ನು ಅರ್ಧಕ್ಕೆ ಬಿಡಲಿಲ್ಲ.

ನನ್ನ ಲೆಕ್ಕದಲ್ಲಿ ಕಾಗದಪತ್ರಕ್ಕೆ ಐದರಲ್ಲಿ ನಾಲ್ಕು ಅಂಕ, ಹಣದ ವ್ಯವಹಾರಕ್ಕೆ ಒಂದು. ಓದು ಬರಹ ಕಡಿಮೆಯಿರುವ, ಇಂಗ್ಲಿಷ್ ಅರ್ಜಿಗಳ ಮುಂದೆ ಕೈಚೆಲ್ಲುವ ಮನೆಯವರು ಇಲ್ಲಿಗೆ ಹೋಗಬಹುದು, ಆದರೆ ಪ್ರಶ್ನೆ ಕೇಳಬಲ್ಲ ಒಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಪಾಸ್‌ಪೋರ್ಟನ್ನು "ಇಲ್ಲೇ ಇರಲಿ" ಎಂದು ಇಟ್ಟುಕೊಳ್ಳಲು ನೋಡುತ್ತಾರೆ. ವೀಸಾಕ್ಕೆ ಕಳಿಸುವ ದಿನ ಮಾತ್ರ ಕೊಟ್ಟು, ಕೊಟ್ಟದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ಹೊರಡುವ ಮುನ್ನ ಕರಾರಿನ ಒಂದು ಪ್ರತಿ ಮನೆಯಲ್ಲಿರಲಿ, ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ದೂರವಾಣಿ 1800 11 3090 ಅದರ ಮೇಲೆಯೇ ಬರೆದಿರಲಿ. ಕಚೇರಿ ಭಾನುವಾರ ಮುಚ್ಚಿರುತ್ತದೆ; ಸೋಮವಾರ ಹೊಸನಗರ, ಸಾಗರದ ಕಡೆಯಿಂದ ಬಂದವರ ನೂಕುನುಗ್ಗಲು ಇರುವುದರಿಂದ ಕರಾರನ್ನು ಸಾವಧಾನವಾಗಿ ಓದಿಸಿಕೊಳ್ಳಬೇಕೆನ್ನುವವರು ವಾರದ ನಡುವೆ ಹೋಗುವುದು ವಾಸಿ.