ಕೋಲಾರದ ಭಾನುವಾರದ ತರ್ಕದ ಕ್ಲಾಸು: ಕೂತು ಕಲಿತವನ ಅಭಿಪ್ರಾಯ

ಆರು ಭಾನುವಾರ, ದಿನಕ್ಕೆ ಎರಡು ಗಂಟೆ, ಒಟ್ಟು ಫೀಸು 900 ರೂಪಾಯಿ. ಬಸ್ ಸ್ಟ್ಯಾಂಡಿಂದ ನಡೆದೇ ಹೋಗಬಹುದಾದ ಒಂದು ಮನೆಯ ಮಹಡಿ. ಕಲಿಸುವವರು ರಿಟೈರಾದ ಗಣಿತದ ಮೇಷ್ಟ್ರು. ನಾನು ಟೊಮೆಟೊ ಬೆಳೆಯುವವನು, ಓದಿದ್ದು ಪಿಯುಸಿ. ಮಗಳನ್ನು ಬಿಡಲು ಹೋದವನು ನಾನೂ ಕೂತುಬಿಟ್ಟೆ.

ಮೊದಲ ದಿನ ಮೇಷ್ಟ್ರು ನಾಲ್ಕು ಚೀಟಿ ಇಟ್ಟರು. ಕಾಣುತ್ತಿದ್ದದ್ದು ಅ, ಕ, 4, 7. ಎಲ್ಲದರಲ್ಲೂ ಒಂದು ಬದಿ ಅಕ್ಷರ, ಇನ್ನೊಂದು ಬದಿ ಅಂಕಿ. "ಅ ಇದ್ದರೆ ಅದರ ಹಿಂದೆ ಸಮಸಂಖ್ಯೆ ಇದೆ ಅಂತೀನಿ. ನಿಜವೋ ಸುಳ್ಳೋ ನೋಡೋಕೆ ಯಾವ ಚೀಟಿ ತಿರುಗಿಸ್ತೀರಿ?" ನಾನು ಅ ಮತ್ತು 4 ಅಂದೆ. ಜಾಸ್ತಿ ಜನ ಹಾಗೇ ಅಂದರು. ತಪ್ಪು. 4ರ ಹಿಂದೆ ಏನಿದ್ದರೂ ಆ ಮಾತು ಸುಳ್ಳಾಗುವುದಿಲ್ಲ. 7ರ ಹಿಂದೆ ಅ ಇದ್ದರೆ ಸುಳ್ಳಾಗುತ್ತದೆ. ತಿರುಗಿಸಬೇಕಾದ್ದು ಅ ಮತ್ತು 7. 1966ರಲ್ಲಿ ಪೀಟರ್ ವೇಸನ್ ಅನ್ನೋ ಇಂಗ್ಲೆಂಡಿನ ಮನೋವಿಜ್ಞಾನಿ ಇಂಥದ್ದೇ ಚೀಟಿ ಇಟ್ಟಾಗಲೂ ಹೆಚ್ಚಿನವರು ಹೀಗೇ ತಪ್ಪಿದ್ದರಂತೆ.

ಅವತ್ತು ರಾತ್ರಿ ನಮ್ಮ ಬೋರ್‌ವೆಲ್ ನೆನಪಾಯಿತು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟು ನೀರು ನೋಡುವವರೊಬ್ಬರು ತೋರಿಸಿದ ಜಾಗ. 1,200 ಅಡಿ ಕೊರೆಸಿದೆ, ಬಂದದ್ದು ಬರೀ ಧೂಳು. ಮುಂದಿನ ವಾರ ಮೇಷ್ಟ್ರಿಗೆ ಹೇಳಿದೆ. ಅವರು ಬೋರ್ಡಿನ ಮೇಲೆ ನಾಲ್ಕು ಮನೆ ಎಳೆದರು. ಕಾಯಿ ಎದ್ದು ನಿಂತ ಕಡೆ ನೀರು ಬಂತು, ಬರಲಿಲ್ಲ. ನಿಲ್ಲದ ಕಡೆ ಬಂತು, ಬರಲಿಲ್ಲ. "ಕೆಳಗಿನ ಎರಡು ಮನೆ ತುಂಬೋಕೆ ಯಾರ ಹತ್ರ ಲೆಕ್ಕ ಇದೆ?" ಕಾಯಿ ನಿಲ್ಲದ ಕಡೆ ಯಾರೂ ಕೊರೆಸುವುದೇ ಇಲ್ಲ, ಅಲ್ವಾ! ಕಾಯಿ ಇಟ್ಟು ನೋಡುವವರು ಹೇಳಿದ ಹತ್ತರಲ್ಲಿ ಆರು ಕಡೆ ನೀರು ಬಂದಿರಬಹುದು. ಸುಮ್ನೆ ಕೊರೆಸಿದರೂ ಆರು ಕಡೆ ಬರುತ್ತಿತ್ತಾ? ಅದು ಗೊತ್ತಿಲ್ಲದೆ ದುಡ್ಡು ಸುರಿದಿದ್ದೆ.

ಸಂಭವನೀಯತೆ ಶುರುವಾದದ್ದು ಚೌಕಾಬಾರದ ಕವಡೆಯಿಂದ. ನಾಲ್ಕು ಕವಡೆ ಬೀಳುವ ರೀತಿ 16, ಅದರಲ್ಲಿ ಎರಡು ಮಾತ್ರ ಅಂಗಾತ ಬೀಳುವುದು 6. ಆದರೆ ಕವಡೆ ನಾಣ್ಯದಂತೆ ಎರಡೂ ಕಡೆ ಸಮವಾಗಿ ಬೀಳುತ್ತದೆ ಅಂತ ಯಾರು ಹೇಳಿದರು? ಅದಕ್ಕೇ ನೂರು ಸಲ ಎಸೆದು ಬರೆಸಿದರು. ಮಗಳಿಗೆ ಇದೇ ಇಷ್ಟವಾಯಿತು.

ಒಂದು ಕೊರತೆ ಇದೆ. ಹೊಸ ಸಂಗತಿ ಗೊತ್ತಾದಾಗ ಮೊದಲಿನ ಅಂದಾಜು ಎಷ್ಟು ಬದಲಿಸಬೇಕು ಅಂತ ಲೆಕ್ಕ ಹಾಕುವ ಬೇಯ್ಸ್ ನಿಯಮವನ್ನು ಕೊನೇ ದಿನ ಒಂದೇ ಗಂಟೆಯಲ್ಲಿ ಮುಗಿಸಿದರು. ನನ್ನಂಥವರಿಗೆ ಅದಕ್ಕೆ ಎರಡು ಭಾನುವಾರ ಬೇಕು. ಹಾಗಿದ್ದರೂ ಮುಂದಿನ ಬ್ಯಾಚಿಗೆ ತಮ್ಮನನ್ನು ಸೇರಿಸಿದ್ದೇನೆ.

ಈಗ ನಮ್ಮೂರಲ್ಲಿ ಬೋರ್ ಕೊರೆಸಿದವರ ಲೆಕ್ಕ ಬರೆಯುತ್ತಿದ್ದೇನೆ. ಇದುವರೆಗೆ 11 ಸಿಕ್ಕಿವೆ. ನೀರು ಬಂದವರು ಕರೆದು ಹೇಳುತ್ತಾರೆ. ಬಾರದವರ ಮನೆಗೆ ನಾನೇ ಹೋಗಬೇಕು.